ಬಲಗಿವಿಯ ಮೌನ



ಮರಳಿಯಲ್ಲಿ ಮನೆಮಂದಿಯೆಲ್ಲ ಮಲಗಿದ ಬಳಿಕ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವನ್ನು ಆಲಿಸುವುದು ನನ್ನ ಹಳೆಯ ರೂಢಿ. ಪರರ ನಿದ್ರೆ ಕೆಡಬಾರದೆಂದು ಹೆಡ್‌ಫೋನ್ ಧರಿಸುತ್ತೇನೆ. ಕಳೆದ ತಿಂಗಳು ಅದರ ಬಲಭಾಗ ಮೂಕವಾಯಿತು. "ಹಳೇದಾತು ಬಿಡ್ರಿ ಅಜ್ಜಾ, ಗಂಗಾವತಿಯಿಂದ ಹೊಸಾದು ತರ್ತೀನಿ" ಎಂದನು ಮೊಮ್ಮಗ. ಬಿಚ್ಚಿ ನೋಡುವ ಆಸೆ ನನ್ನದು. ಜೊತೆಗೆ ಒಂದು ಅಂಜಿಕೆಯೂ ಇತ್ತು. ಅದನ್ನು ಅವನಿಗೆ ಹೇಳಲಿಲ್ಲ. ಅರವತ್ತು ದಾಟಿದವನಲ್ಲಿ ಮೂಕವಾದದ್ದು ಯಂತ್ರವೋ, ಕಿವಿಯೋ?

ಪರೀಕ್ಷೆ ಸುಲಭ. ಹೆಡ್‌ಫೋನನ್ನು ಎಡಬಲ ಅದಲುಬದಲಾಗಿ ಧರಿಸಬೇಕು. ಮೌನವು ಎಡಗಿವಿಗೆ ಬಂದರೆ ದೋಷ ಯಂತ್ರದ್ದು. ಬಲಗಿವಿಯಲ್ಲಿಯೇ ಉಳಿದರೆ ಕಿವಿಯದು. ಮುಪ್ಪಿನ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗಳಿಗೆ ಮೆಲ್ಲಮೆಲ್ಲನೆ ಬರುತ್ತದೆ, ಸಕಾರ ಶಕಾರಗಳು ಮೊದಲು ಮಸುಕಾಗುತ್ತವೆ. ಒಂದೇ ಕಿವಿ ಥಟ್ಟನೆ ಮಂದವಾದರೆ ಮಾತ್ರ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು. ಇದೆಲ್ಲ ಬಲ್ಲವನಾದ ನಾನೂ ಒಂದು ಗಳಿಗೆ ಕೈ ತಡೆದೆನು. ಅದಲುಬದಲು ಮಾಡಿದೆ. ಮೌನ ಎಡಕ್ಕೆ ಬಂದಿತು!

ಬೇರೆ ಮೊಬೈಲಿಗೆ ಸಿಕ್ಕಿಸಿದರೂ ಅದೇ ಸ್ಥಿತಿ. ಪಿನ್ನಿನ ಬುಡದಲ್ಲಿ ವೈರನ್ನು ಬಾಗಿಸಿದಾಗ ಹಾಡು ಬಂದುಬಂದು ಹೋಯಿತು. ವೈರು ಬಾಗಿಬಾಗಿ ಸವೆಯುವ ಜಾಗವೇ ಅದು. ಇಂಥದ್ದನ್ನು ಮನೆಯಲ್ಲಿಯೇ ಸರಿಪಡಿಸಬಹುದು. 1910ರಲ್ಲಿ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್ವಿನ್ ಎಂಬಾತನು ತನ್ನ ಅಡುಗೆಮನೆಯಲ್ಲಿಯೇ ಹೆಡ್‌ಫೋನುಗಳನ್ನು ತಯಾರಿಸಿ ಅಲ್ಲಿಯ ನೌಕಾಸೇನೆಗೆ ಕೊಟ್ಟನು. ಆದರೆ ಕಿವಿಯ ಬಟ್ಟಲೊಳಗಿನ ಸುರುಳಿಯೇ ಸುಟ್ಟಿದ್ದರೆ ಶ್ರಮ ವ್ಯರ್ಥ. ವೈರಿಲ್ಲದ ಬಗೆಯದರಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಚುಚ್ಚಿದರೆ ಬೆಂಕಿ ಹೊತ್ತೀತು, ಮನೆಯಲ್ಲಿ ಬಿಚ್ಚಲೇಬಾರದು.

3.5 ಮಿಲಿಮೀಟರಿನ ಹೊಸ ಪಿನ್ನು ತರಿಸಿದೆನು. ಅದರ ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡವು ಎರಡಕ್ಕೂ ಸಮಾನ. ಸವೆದ ಭಾಗ ಕತ್ತರಿಸಿ ಬೆಸೆಯಹೋದರೆ ಬೆಸುಗೆ ಹಿಡಿಯಲೇ ಇಲ್ಲ. ಕೂದಲೆಳೆಯಂಥ ಆ ತಂತಿಗಳ ಬಣ್ಣವು ಅಂದಕ್ಕಲ್ಲ, ವಿದ್ಯುತ್ತನ್ನು ತಡೆಯುವ ಲೇಪ. ಅದನ್ನು ಕೆರೆದು ತೆಗೆಯಬೇಕೆಂಬುದು ಎರಡನೆಯ ಸಂಜೆ ಹೊಳೆಯಿತು.

ಮೂರನೆಯ ಸಂಜೆ ಎರಡೂ ಕಡೆ ನುಡಿದವು. ಮೊಮ್ಮಗ ಕೇಳಿ ನೋಡಿ, "ಅಜ್ಜಾ, ಎಡದ್ದು ಬಲಕ್ಕ ಆಗೇತ್ರಿ" ಎಂದನು. ತಂತಿಗಳ ಬಣ್ಣದ ಕ್ರಮ ಎಲ್ಲದರಲ್ಲಿಯೂ ಒಂದೇ ಅಲ್ಲವಷ್ಟೆ. ಮತ್ತೆ ಬಿಚ್ಚಲಿಲ್ಲ; ಅದಲುಬದಲಾಗಿಯೇ ಧರಿಸುತ್ತಿದ್ದೇನೆ.