ಎ.ಐ. ಗಣಕಯಂತ್ರ: ಹೊಳಪಿಗಿಂತ ಹುರುಳು ಮುಖ್ಯ

ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಬಂಗಾರಪೇಟೆಯ ಅಕ್ಕಿ ಗಿರಣಿಗಳಲ್ಲಿ, ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ, ಸಣ್ಣ ಕಾರ್ಯಾಗಾರಗಳಲ್ಲಿ ಹಳೆಯ ಗಣಕಯಂತ್ರಗಳನ್ನು ಬದಲಿಸುವ ಯೋಚನೆ ಮೂಡುವುದು ಸಹಜ. ಇದೇ ವೇಳೆಗೆ ‘ಎ.ಐ. ಪಿಸಿ’ ಎಂಬ ಹೆಸರು ಜಾಹೀರಾತುಗಳಲ್ಲಿ ರಾರಾಜಿಸುತ್ತಿದೆ.

2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಘೋಷಿಸಿದ ‘ಕೋಪೈಲಟ್ ಪ್ಲಸ್’ ವರ್ಗದ ಯಂತ್ರಗಳಲ್ಲಿ ಸೆಕೆಂಡಿಗೆ 40 ಲಕ್ಷ ಕೋಟಿಗೂ ಹೆಚ್ಚು ಲೆಕ್ಕ ಮಾಡಬಲ್ಲ ಪ್ರತ್ಯೇಕ ಚಿಪ್ಪು ಇರಬೇಕು. ಚಿತ್ರ ತಿದ್ದುವುದಕ್ಕೆ, ವಿಡಿಯೋ ಕರೆಗೆ ಅದು ಉಪಯುಕ್ತವೇ ಸರಿ. ಆದರೆ ಜಿ.ಎಸ್‌.ಟಿ. ಬಿಲ್ಲು ಬರೆಯಲು, ದಾಸ್ತಾನಿನ ಲೆಕ್ಕ ಇಡಲು ಆ ಚಿಪ್ಪು ಬೇಕಿಲ್ಲ. ವಿಂಡೋಸ್ 11 ಅಳವಡಿಸಲೂ ಅದು ಕಡ್ಡಾಯವಲ್ಲ.

ಬೆಲೆಗಿಂತ ಗಂಭೀರವಾದುದು ಗೋಪ್ಯತೆಯ ಪ್ರಶ್ನೆ. ಈ ಯಂತ್ರಗಳೊಡನೆ ಪ್ರಕಟವಾದ ‘ರೀಕಾಲ್’ ಸೌಲಭ್ಯವು ಪರದೆಯ ಮೇಲೆ ಕಾಣುವುದನ್ನು ಕೆಲವೇ ಸೆಕೆಂಡುಗಳಿಗೊಮ್ಮೆ ಚಿತ್ರವಾಗಿ ಉಳಿಸಿಕೊಳ್ಳುವಂಥದ್ದು. ಹೀಗೆ ಉಳಿದ ಮಾಹಿತಿಯನ್ನು ಸುಲಭವಾಗಿ ಕದಿಯಬಹುದೆಂದು ಭದ್ರತಾ ತಜ್ಞರು ತೋರಿಸಿಕೊಟ್ಟ ಮೇಲೆ ಸಂಸ್ಥೆಯು ಅದರ ಬಿಡುಗಡೆಯನ್ನು ಮುಂದೂಡಿತು. 2025ರ ಏಪ್ರಿಲ್‌ನಲ್ಲಿ ಅದು ಮರಳಿ ಬಂದಾಗ ಮಾಹಿತಿಗೆ ಗೂಢಲಿಪಿಯ ರಕ್ಷಣೆಯಿತ್ತು. ಬಳಸುವವರು ತಾವಾಗಿ ಒಪ್ಪಿದರೆ ಮಾತ್ರ ಚಾಲೂ ಆಗುವಂತೆ ಮಾರ್ಪಡಿಸಲಾಗಿತ್ತು. ಗ್ರಾಹಕರು ಪ್ರಶ್ನಿಸಿದ್ದರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತೆಂಬುದನ್ನು ಮರೆಯಲಾಗದು.

ವ್ಯಾಪಾರಿಯ ಪರದೆಯ ಮೇಲೆ ಕಾಣುವುದೆಲ್ಲ ಅವನ ಸ್ವಂತದ್ದಲ್ಲ. ಗ್ರಾಹಕರ ಮೊಬೈಲ್ ಸಂಖ್ಯೆ, ಸಾಲದ ಬಾಕಿ, ಕಾರ್ಮಿಕರ ಬ್ಯಾಂಕ್ ಖಾತೆ, ದೊಡ್ಡ ಕಾರ್ಖಾನೆಯವರು ನಂಬಿ ಕೊಟ್ಟ ಬಿಡಿಭಾಗದ ನಕ್ಷೆ ಇವೆಲ್ಲ ಅಲ್ಲಿರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಜನರ ಮಾಹಿತಿಗೆ ತಕ್ಕ ಭದ್ರತೆ ಒದಗಿಸದಿದ್ದಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿದ್ದು, ಪ್ರಮುಖ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಸಿದ್ಧತೆಗೆ ಇದೇ ಸಕಾಲ.

ಈ ಪ್ರದೇಶಕ್ಕೆ ಯಾರೂ ಹೊಸದಾಗಿ ಪಾಠ ಹೇಳಬೇಕಿಲ್ಲ. ಗಣಿಯಲ್ಲಿ ಅದಿರನ್ನು ಅದರ ಹೊಳಪಿನಿಂದ ಅಳೆಯುತ್ತಿರಲಿಲ್ಲ. ಪರೀಕ್ಷಿಸಿ, ಒಂದು ಟನ್ನಿನಲ್ಲಿ ಎಷ್ಟು ಗ್ರಾಂ ಚಿನ್ನವಿದೆಯೆಂದು ಲೆಕ್ಕ ಹಾಕುತ್ತಿದ್ದರು. ತೆಗೆಯುವ ಖರ್ಚು ದೊರೆಯುವ ಚಿನ್ನದ ಬೆಲೆಯನ್ನು ಮೀರಿದ್ದರಿಂದಲೇ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಆದ್ದರಿಂದ ಖರೀದಿಗೆ ಮುನ್ನ ಮೂರು ಪ್ರಶ್ನೆಗಳನ್ನು ಮಾರಾಟಗಾರರ ಮುಂದಿಡುವುದು ಒಳಿತು: ಈ ಯಂತ್ರವು ತಮ್ಮ ಯಾವ ಕೆಲಸವನ್ನು ಸುಲಭಗೊಳಿಸುತ್ತದೆ? ಮಾಹಿತಿ ಯಂತ್ರದಲ್ಲೇ ಉಳಿಯುತ್ತದೆಯೇ, ಹೊರಗೆ ಹೋಗುತ್ತದೆಯೇ? ಬೇಡವಾದ ಸೌಲಭ್ಯವನ್ನು ಪೂರ್ಣವಾಗಿ ನಿಲ್ಲಿಸಬಹುದೇ? ಉತ್ತರ ಲಿಖಿತವಾಗಿ ದೊರೆಯದಿದ್ದಲ್ಲಿ, ಹೆಚ್ಚಿನ ಹಣ ತೆರುವ ಅಗತ್ಯವಿಲ್ಲ.