ತೋಟಾದ ಮೇಲಣ ಶಾಸನ

ಬರೆದದ್ದು ಉಳಿಯುತ್ತದೆ, ಉಳಿದದ್ದು ಸಾಕ್ಷಿ ನುಡಿಯುತ್ತದೆ ಎಂಬ ನಂಬಿಕೆ ಮಾನವಕುಲಕ್ಕೆ ಬಹು ಪುರಾತನವಾದುದು. ದಾನಕೊಟ್ಟ ಅರಸನು ಕಲ್ಲಿನಲ್ಲಿ ಹೆಸರು ಕೆತ್ತಿಸಿದ್ದು ಈ ನಂಬಿಕೆಯಿಂದಲೇ. ನಮ್ಮ ಕಾಲದಲ್ಲಿ ಅದು ವಿಚಿತ್ರವಾದೊಂದು ರೂಪವನ್ನು ತಾಳಿದೆ. ಪಿಸ್ತೂಲು ತಾನು ಹಾರಿಸಿದ ಪ್ರತಿಯೊಂದು ತೋಟಾದ ಮೇಲೂ ತನ್ನ ಗುರುತನ್ನು ತಾನೇ ಅಚ್ಚೊತ್ತುವಂತೆ ಮಾಡಿಬಿಟ್ಟರೆ, ಕೊಲೆಯ ಜಾಡು ಹಿಡಿಯುವುದು ಓಲೆಯ ವಿಳಾಸವನ್ನು ಓದಿದಷ್ಟು ಸುಲಭವಾಗುವುದಿಲ್ಲವೆ ಎಂಬುದೇ ಆ ವಾದ.

ಯುಕ್ತಿಯೇನೋ ಸರಳವಾದುದು. ತೋಟಾದ ಹಿಂಬದಿಯಲ್ಲಿ ಕೇಪು ಇರುತ್ತದೆ. ಕುದುರೆಯನ್ನೆಳೆದಾಗ ಒಂದು ಲೋಹದ ಮೊನೆ ಆ ಕೇಪನ್ನು ಕುಟ್ಟಿ ಮದ್ದಿಗೆ ಕಿಡಿ ತಾಗಿಸುತ್ತದೆ. ಆ ಮೊನೆಯ ತುದಿಯಲ್ಲಿ ಲೇಸರ್ ಕಿರಣದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳನ್ನು ಕೊರೆದಿಟ್ಟರೆ, ಕುಟ್ಟಿದ ಕ್ಷಣದಲ್ಲಿಯೇ ಅವು ಕೇಪಿನ ಮೇಲೆ ಮೂಡುತ್ತವೆ. ಹೊರಗೆ ಸಿಡಿದು ಬಿದ್ದ ಖಾಲಿ ತೋಟಾವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಓದಿದರೆ, ಆಯುಧವು ಕೈಗೆ ಸಿಕ್ಕುವ ಮೊದಲೇ ಅದು ಯಾವುದೆಂದು ತಿಳಿಯಬಹುದು. ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನವು 2007ರಲ್ಲಿ ಇದನ್ನು ಕಾಯಿದೆಯಾಗಿಯೇ ಮಾಡಿತು. ಅದು ಜಾರಿಗೆ ಬಂದದ್ದು 2013ರಲ್ಲಿ. ಮುಂದಿನ ಹತ್ತು ವರ್ಷ ತಯಾರಕರು ಈ ಗುರುತುಳ್ಳ ಒಂದು ಹೊಸ ಮಾದರಿಯನ್ನೂ ಅಲ್ಲಿನ ಮಾರುಕಟ್ಟೆಗೆ ತರಲಿಲ್ಲ. 2023ರ ಮಾರ್ಚ್‌ನಲ್ಲಿ ಅಲ್ಲಿಯ ಫೆಡರಲ್ ನ್ಯಾಯಾಲಯವು ಆ ವಿಧಿಗೆ ತಡೆಯೊಡ್ಡಿತು. ಅದೇ ವರ್ಷ ಸಂಸ್ಥಾನವು 2028ರಿಂದ ಅನ್ವಯವಾಗುವಂತೆ, ಷರತ್ತುಗಳೊಡನೆ, ಮತ್ತೊಂದು ಕಾಯಿದೆಯನ್ನು ರಚಿಸಿತು. ವಾದವಿನ್ನೂ ಮುಗಿದಿಲ್ಲವೆಂದೇ ಇದರ ಅರ್ಥ.

ದೂರದ ಈ ವಾದ ನಮಗೇಕೆಂದು ವಾಚಕರು ಕೇಳಬಹುದು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ, ತಮ್ಮ ಮನೆಯ ಬಾಗಿಲಲ್ಲಿಯೇ, ಗೌರಿ ಲಂಕೇಶರು ಗುಂಡಿಗೆ ಬಲಿಯಾದರು. ಎರಡು ಊರು, ನಡುವೆ ಎರಡು ವರ್ಷ. ಆದರೂ ಇವೆರಡು ಕೊಲೆಗಳಲ್ಲಿ ಹಾರಿದ್ದು ಒಂದೇ 7.65 ಮಿಲಿಮೀಟರ್ ನಾಡಪಿಸ್ತೂಲೆಂದು ಕರ್ನಾಟಕದ ವಿಧಿವಿಜ್ಞಾನ ಪ್ರಯೋಗಾಲಯವು ವರದಿಮಾಡಿತು. 2019ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲಬುರ್ಗಿಯವರ ಪ್ರಕರಣವನ್ನು ಗೌರಿಯವರ ಪ್ರಕರಣದ ತನಿಖೆ ನಡೆಸುತ್ತಿದ್ದ ವಿಶೇಷ ತನಿಖಾ ತಂಡಕ್ಕೇ ಒಪ್ಪಿಸಿತು.

ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೊಂದಿದೆ. ಆ ಪಿಸ್ತೂಲಿನ ಮೊನೆಯಲ್ಲಿ ಯಾವ ಕಾಯಿದೆಯೂ ಅಕ್ಷರಗಳನ್ನು ಕೊರೆಸಿರಲಿಲ್ಲ. ಕಳ್ಳತನದಲ್ಲಿ ಕೋವಿ ಕಾಸುವವನು ಸರ್ಕಾರದ ಅಂಕೆಯನ್ನು ಅದರೊಳಗೆ ಕೊರೆದಾನೆಂದು ನಿರೀಕ್ಷಿಸುವುದು ಕನ್ನಗಳ್ಳನು ಗೋಡೆಯ ಮೇಲೆ ರುಜುಮಾಡಿ ಹೋಗಲೆಂದು ಕಾಯ್ದಂತೆಯೇ ಸರಿ. ಅಲ್ಲಿ ಸಾಕ್ಷಿ ನುಡಿದದ್ದು ಯಾರೂ ಉದ್ದೇಶಿಸದ ಬರಹ. ಉಕ್ಕನ್ನು ಉಕ್ಕಿನಿಂದ ಅರೆದಾಗ ಉಳಿಯುವ ಗೀರುಗಳು ಒಂದು ಆಯುಧದಲ್ಲಿದ್ದಂತೆ ಇನ್ನೊಂದರಲ್ಲಿರುವುದಿಲ್ಲ. ಮೊನೆಯ ತಗ್ಗು, ತೋಟಾವನ್ನು ಹೊರಚಿಮ್ಮುವ ಕೊಕ್ಕೆಯ ಉಜ್ಜು, ನಳಿಗೆಯ ಒಳಮೈಯ ಗೆರೆ ಇವು ಲೋಹದ ಮೇಲೆ ಮುದ್ರೆಯಾಗುತ್ತವೆ. ಎರಡು ತೋಟಾಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಜೋಡಿ ಸೂಕ್ಷ್ಮದರ್ಶಕವು 1920ರ ದಶಕದಿಂದಲೂ ಬಳಕೆಯಲ್ಲಿದೆ.

ಕಲಬುರ್ಗಿಯವರು ಶಾಸನಗಳನ್ನು ಓದಿ ಬಾಳಿದವರು. 'ಶಾಸನಗಳಲ್ಲಿ ಶಿವಶರಣರು' ಎಂಬ ಗ್ರಂಥವನ್ನು ರಚಿಸಿದವರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಸವೆದ ಗೆರೆಗಳಿಂದ ಸತ್ಯವನ್ನು ಹೆಕ್ಕಿದ ವಿದ್ವಾಂಸರ ಸಾವಿನ ಸತ್ಯವನ್ನೂ ಸವೆದ ಗೆರೆಗಳಲ್ಲಿಯೇ ಹೆಕ್ಕಬೇಕಾಗಿ ಬಂದದ್ದು ವಿಧಿಯ ಕ್ರೂರ ವ್ಯಂಗ್ಯ. ಆದರೆ ಶಾಸನಶಾಸ್ತ್ರವು ಕಲಿಸುವ ವಿವೇಕವು ಈ ಚರ್ಚೆಗೂ ಬೆಳಕನ್ನು ಕೊಡಬಲ್ಲದು. ನಮ್ಮ ದಾಬಸ್‌ಪೇಟೆಯಿರುವ ನೆಲಮಂಗಲ ಸೀಮೆಯ ಮಣ್ಣೆ ಒಂದು ಕಾಲಕ್ಕೆ ಗಂಗರ ಮಾನ್ಯಪುರ. ಆ ಗಂಗರ ಹೆಸರಿನ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟರು ಶಂಕಿಸಿದರು. ರೈಸರು ಅದನ್ನು ಒಪ್ಪಲಿಲ್ಲ. ಸ್ಪಷ್ಟವಾದ ಅಕ್ಷರವಿದ್ದಮಾತ್ರಕ್ಕೆ ಅದು ನಿಜವಾದ ಅಕ್ಷರವಾಗಬೇಕಿಲ್ಲವೆಂಬುದು ಆ ವಾದದಿಂದ ನಾವು ಕಲಿಯಬೇಕಾದ ಪಾಠ. ಗುರುತುಳ್ಳ ತೋಟಾಕ್ಕೂ ಈ ಮಾತು ಸಲ್ಲುತ್ತದೆ. ಮೊನೆಯನ್ನು ಅರದಿಂದ ಉಜ್ಜಿ ಅಕ್ಷರವನ್ನು ಅಳಿಸಬಹುದು, ಬೇರೊಂದು ಮೊನೆಯನ್ನೇ ಹಾಕಬಹುದು. ಗುರಿ ಕಲಿಯುವ ಬಯಲಿನಲ್ಲಿ ಬಿದ್ದ ಪರರ ಖಾಲಿ ತೋಟಾಗಳನ್ನು ಆಯ್ದು ತಂದು ಕೊಲೆಯ ಸ್ಥಳದಲ್ಲಿ ಚೆಲ್ಲಿಹೋಗುವವನು ಕೂಟಶಾಸನವನ್ನು ಬರೆದಂತೆಯೇ ಸರಿ. ರಿವಾಲ್ವರು ಖಾಲಿ ತೋಟಾವನ್ನು ಹೊರಗೆ ಚೆಲ್ಲುವುದೇ ಇಲ್ಲ.

ಹಾಗಾದರೆ ಈ ಉಪಾಯವು ನಿಷ್ಪ್ರಯೋಜಕವೆ? ಅಂಥ ತೀರ್ಮಾನವೂ ಆತುರದ್ದಾದೀತು. ಎಲ್ಲ ಅಪರಾಧಿಗಳೂ ಮುಂದಾಲೋಚನೆಯುಳ್ಳವರಲ್ಲ. ಬೆರಳಚ್ಚಿನ ವಿದ್ಯೆ ಜಗತ್ತಿಗೆಲ್ಲ ತಿಳಿದಿದ್ದರೂ ಇಂದಿಗೂ ಬೆರಳಚ್ಚು ಬಿಟ್ಟುಹೋಗುವವರುಂಟು. ಆದರೆ ಅಕ್ಷರವು ಆಯುಧವನ್ನು ತೋರಿಸಬಲ್ಲದು, ದಾಖಲೆ ಸರಿಯಾಗಿದ್ದರೆ ಅದನ್ನು ಮೊದಲು ಕೊಂಡವನನ್ನು ತೋರಿಸಬಲ್ಲದು; ಕುದುರೆಯೆಳೆದ ಬೆರಳನ್ನು ತೋರಿಸಲಾರದು. ಕಳುವಾದ ಕೋವಿಯ ಜಾಡು ಹಿಡಿದು ಹೋದರೆ ಸಿಗುವವನು ಕೋವಿ ಕಳೆದುಕೊಂಡವನು. ದಾಖಲೆಯನ್ನು ಕಲೆಹಾಕಿದಮಾತ್ರಕ್ಕೆ ಕಾರ್ಯಸಿದ್ಧಿಯಾಗದೆಂಬುದಕ್ಕೆ ಅಮೆರಿಕೆಯ ಮೇರಿಲ್ಯಾಂಡ್ ಸಂಸ್ಥಾನವೇ ನಿದರ್ಶನ. 2000ದಿಂದ ಅದು ಮಾರಾಟವಾಗುವ ಪ್ರತಿಯೊಂದು ಹೊಸ ಕೈಬಂದೂಕಿನ ಖಾಲಿ ತೋಟಾವನ್ನು ಸಂಗ್ರಹಿಸತೊಡಗಿತು. ಮೂರು ಲಕ್ಷಕ್ಕೂ ಮಿಕ್ಕ ತೋಟಾಗಳು ಕೂಡಿದ ಮೇಲೆ, ವೆಚ್ಚಕ್ಕೆ ತಕ್ಕ ಫಲ ಕಾಣದೆ, 2015ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು.

ನಮ್ಮ ದೇಶದ ಸ್ಥಿತಿ ಇನ್ನೂ ಭಿನ್ನವಾದುದು. ತಯಾರಕನ ಹೆಸರು, ಸಂಖ್ಯೆಗಳಿಲ್ಲದ ಬಂದೂಕನ್ನು ಮಾರುವುದನ್ನೂ ಅವನ್ನು ಅಳಿಸುವುದನ್ನೂ 1959ರ ಶಸ್ತ್ರ ಕಾಯಿದೆಯ 8ನೆಯ ಪ್ರಕರಣವು ನಿಷೇಧಿಸಿದೆ. ಪರವಾನಗಿಯುಳ್ಳವನು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು 2019ರ ತಿದ್ದುಪಡಿಯು ಮೂರರಿಂದ ಎರಡಕ್ಕೆ ಇಳಿಸಿದೆ. ಚುನಾವಣೆ ಬಂದಾಗ ತೋಟಕಾಯುವ ರೈತನು ತನ್ನ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತಾನೆ. ಈ ಎಲ್ಲ ಕಟ್ಟುಪಾಡುಗಳೂ ಪುಸ್ತಕದೊಳಗಿನ ಕೋವಿಯನ್ನು ಬಿಗಿಯುತ್ತವೆ. ಕಲಬುರ್ಗಿಯವರ ಮನೆಗೆ ಬಂದದ್ದು ಪುಸ್ತಕದ ಹೊರಗಿನದು. ಹೊಸ ಗುರುತಿನ ಕಾಯಿದೆಯನ್ನು ನಾಳೆಯೇ ತಂದರೂ ಅದರ ಭಾರವು ರೈತನ ಮೇಲೆ ಬಿದ್ದೀತೇ ಹೊರತು ನಾಡಪಿಸ್ತೂಲು ಕಾಸುವವನ ಕುಲುಮೆಯನ್ನು ಮುಟ್ಟಲಾರದು.

ಆದಕಾರಣ ನಮ್ಮ ಗಮನವು ಬರೆಯಿಸುವುದಕ್ಕಿಂತ ಮಿಗಿಲಾಗಿ ಓದುವುದರ ಕಡೆಗೆ ಹರಿಯಬೇಕು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗಲೇಬೇಕೆಂದು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ವಿಧಿಸಿದೆ. ಅದನ್ನು ಅನುಷ್ಠಾನಕ್ಕೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಗುಂಪು ಸೇರಿ ತುಳಿಯುವ ಮೊದಲೇ ತೋಟಾವನ್ನು ಎತ್ತಬೇಕು, ಪ್ರಯೋಗಾಲಯಕ್ಕೆ ಸಾಕಷ್ಟು ತಜ್ಞರು ದೊರೆಯಬೇಕು, ಧಾರವಾಡದ ತೋಟಾ ಬೆಂಗಳೂರಿನದರೊಡನೆ ವಿಳಂಬವಿಲ್ಲದೆ ಮುಖಾಮುಖಿಯಾಗಬೇಕು. ಪ್ರಯೋಗಾಲಯದ ಮಾತು ಕೊನೆಯ ಮಾತಲ್ಲ, ಅಭಿಪ್ರಾಯಮಾತ್ರ; ಅದನ್ನು ನ್ಯಾಯಾಲಯವು ಪಾಟೀಸವಾಲಿನ ಒರೆಗೆ ಹಚ್ಚಿ ತೂಗಬೇಕು. ಆ ತೂಗುವ ಕಾರ್ಯವೂ ಸಕಾಲದಲ್ಲಿ ಆಗಬೇಡವೆ? 2015ರ ಕೊಲೆಗೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾದದ್ದು 2019ರಲ್ಲಿ. 2017ರ ಕೊಲೆಗೆ ಸಾಕ್ಷಿಗಳ ವಿಚಾರಣೆ ತೊಡಗಿದ್ದು 2022ರಲ್ಲಿ.

ಲೋಹವು ತನಗೆ ತಿಳಿದದ್ದನ್ನು ಮರೆಯುವುದಿಲ್ಲ, ಮರೆಯುವವರು ಮನುಷ್ಯರು. ಸಾಕ್ಷಿಗಳು ಮುದುಕರಾಗುತ್ತಾರೆ, ಅಧಿಕಾರಿಗಳು ವರ್ಗವಾಗುತ್ತಾರೆ, ಊರು ಬೇರೆ ಸುದ್ದಿಗೆ ಕಿವಿಗೊಡುತ್ತದೆ. ತೋಟಾದ ಮೇಲೆ ಇನ್ನೊಂದು ಸಾಲನ್ನು ಬರೆಯಿಸುವ ಮುನ್ನ, ಆಗಲೇ ಬರೆದಿರುವ ಸಾಲನ್ನು ಓದಿ ಮುಗಿಸುವ ಋಣವು ನಮ್ಮ ಮೇಲಿದೆ.