ದೊಡ್ಡಬಳ್ಳಾಪುರದ ನೇಕಾರರ ಮನೆಯ ತತ್ತ್ವಜ್ಞಾನಿ



ರಾಜಕೀಯ ತತ್ತ್ವಜ್ಞಾನಿಯೆಂದರೆ ಆಕ್ಸ್‌ಫರ್ಡಿನಲ್ಲೋ ಪ್ಯಾರಿಸ್ಸಿನಲ್ಲೋ ಹುಟ್ಟಿರಬೇಕೆಂದು ನಮ್ಮ ಅನೇಕ ವಿದ್ಯಾವಂತರು ತಿಳಿದಿದ್ದಾರೆ. ಡಿ. ಆರ್. ನಾಗರಾಜರು 1954ರಲ್ಲಿ ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಹೇಳಿದರು. ಬಂಡಾಯ ಸಾಹಿತ್ಯ ಚಳವಳಿಯ ಮುಂದಾಳುಗಳಲ್ಲೊಬ್ಬರಾದರು. ಮಾರ್ಕ್ಸ್‌ವಾದಿಯಾಗಿ 'ಅಮೃತ ಮತ್ತು ಗರುಡ' ಬರೆದವರು, ಆಮೇಲೆ ಆ ಅಳತೆಗೋಲು ಸಾಲದೆಂದು ಕೆಳಗಿಟ್ಟರು. 1998ರಲ್ಲಿ, 44ರ ಪ್ರಾಯದಲ್ಲಿ, ತೀರಿಕೊಂಡರು.

ಅವರ ಮುಖ್ಯ ಗ್ರಂಥ 1993ರಲ್ಲಿ ಇಂಗ್ಲಿಷಿನಲ್ಲಿ ಬಂದ 'ದಿ ಫ್ಲೇಮಿಂಗ್ ಫೀಟ್'. 1932ರ ಸೆಪ್ಟೆಂಬರ್ 20ರಂದು ಗಾಂಧೀಜಿ ಯೆರವಡಾ ಜೈಲಿನಲ್ಲಿ ಉಪವಾಸ ಕುಳಿತರಷ್ಟೆ. 24ರಂದು ಪೂನಾ ಒಪ್ಪಂದವಾಯಿತು. ದಲಿತರ ಪ್ರತ್ಯೇಕ ಮತಕ್ಷೇತ್ರ ಹೋಯಿತು, ಪ್ರಾಂತ್ಯಗಳ ಶಾಸನಸಭೆಗಳಲ್ಲಿ 71 ಸ್ಥಾನಗಳ ಬದಲು 148 ಸಿಕ್ಕವು. ಈ ಲೆಕ್ಕ ಹಿಡಿದು ಗೆದ್ದವರು ಯಾರೆಂದು ಇವತ್ತಿಗೂ ಕಾದಾಡುವವರಿದ್ದಾರೆ. ನಾಗರಾಜರು ಕೇಳಿದ್ದು ಬೇರೆ: ಆ ಘರ್ಷಣೆಯಿಂದ ಇಬ್ಬರೂ ಹೇಗೆ ಬದಲಾದರು? ಗಾಂಧೀಜಿಯದು ಸವರ್ಣೀಯನ ಆತ್ಮಶುದ್ಧಿಯ ದಾರಿ, ಅಂಬೇಡ್ಕರರದು ದಲಿತನ ಆತ್ಮಗೌರವದ ದಾರಿ. ಜಗಳವಾಡುತ್ತಲೇ ಗಾಂಧೀಜಿ ಅಸ್ಪೃಶ್ಯತೆಯ ಆರ್ಥಿಕ ಮುಖ ಕಂಡರು. ಅಂಬೇಡ್ಕರರು ಧರ್ಮದ ಬಲ ಅರಿತು 1956ರಲ್ಲಿ ಬೌದ್ಧರಾದರು. ಇಬ್ಬರೂ ಬೇಕೆಂಬುದು ನಾಗರಾಜರ ನಿಲುವು. ನನಗೆ ಇದರಲ್ಲಿ ಅರೆ ಒಪ್ಪಿಗೆ. ಶುದ್ಧಿ ಮಾಡಿಕೊಳ್ಳುವವನು ತನಗೆ ಬಿಡುವಾದಾಗ ಮಾಡಿಕೊಂಡಾನು. ಅವಮಾನ ಉಣ್ಣುವವನು ದಿನವೂ ಉಣ್ಣಬೇಕು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹೆಚ್ಚು ತಟ್ಟುವುದು ಅವರ ಇನ್ನೊಂದು ವಿಚಾರ. ದೊಡ್ಡ ಯಂತ್ರ ಬಂದು ಕಸುಬನ್ನು ನುಂಗಿದಾಗ ಹೋಗುವುದು ಕೂಲಿಯೊಂದೇ ಅಲ್ಲ, ಕಸುಬಿನ ಜಾತಿಗಳ ತಂತ್ರವಿದ್ಯೆಯೇ ಕೊಲೆಯಾಗುತ್ತದೆ ಎಂದರು ಅವರು. ಚನ್ನಪಟ್ಟಣದಲ್ಲಿ ಆಲೆಮರ ಕಡೆದು ಅರಗಿನ ಬಣ್ಣ ಕೂರಿಸುವ ಕೈಯನ್ನು ನೆನೆಯಿರಿ. ಬೊಂಬೆಗೆ ಸರ್ಕಾರದಿಂದ ಭೌಗೋಳಿಕ ಗುರುತಿನ ಪತ್ರವೇನೋ ಸಿಕ್ಕಿದೆ. ಆದರೆ 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಊರನ್ನು ಬಳಸಿ ಹೋದ ಮೇಲೆ ಹಳೆಯ ರಸ್ತೆಯ ಬೊಂಬೆ ಅಂಗಡಿಗಳಿಗೆ ಗಿರಾಕಿ ಕಡಿಮೆಯಾದರು. ನಕ್ಷೆ ಬರೆದವರು ಅಂಗಡಿಯವನನ್ನಾಗಲಿ ಬೊಂಬೆ ಮಾಡುವವನನ್ನಾಗಲಿ ಒಂದು ಮಾತು ಕೇಳಿದರೇ? ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ದರದ ಕೂಗು ದಿನವೂ ಏಳುತ್ತದೆ. ಬಿಸಿನೀರಿನಲ್ಲಿ ಬೆರಳದ್ದಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಹಿಡಿಯುವ ಹೆಂಗಸಿನ ವಿದ್ಯೆಗೆ ಬೆಲೆ ಕಟ್ಟುವ ಮಾತು ಅಲ್ಲಿ ಏಳುವುದಿಲ್ಲ.

ನಾಗರಾಜರಲ್ಲಿ ಕೊರತೆಯೂ ಇದೆ. ಕಸುಬಿನ ಸಾವನ್ನು ಅವರಷ್ಟು ಚೆನ್ನಾಗಿ ಹೇಳಿದವರು ಕಡಿಮೆ. ಆದರೆ ಕಸುಬುದಾರನಿಗೆ ಸಾಲ ಕೊಡುವವರು ಯಾರು, ಸಹಕಾರ ಸಂಘವನ್ನು ದಲ್ಲಾಳಿಯ ಕೈಯಿಂದ ಬಿಡಿಸುವುದು ಹೇಗೆ, ಇದನ್ನು ಅವರ ಪುಸ್ತಕದಲ್ಲಿ ಹುಡುಕಬಾರದು. ಅದು ಯೂನಿಯನ್ನಿನ ಕೆಲಸ.

ಯೂನಿಯನ್ನಿಗೂ ಒಂದು ಪ್ರಶ್ನೆ ಉಂಟು. ಮೇಸ್ತ್ರಿ ಜಾತಿ ಹಿಡಿದು ಬೈದದ್ದು ಬೋನಸ್ಸಿನ ಬೇಡಿಕೆ ಪಟ್ಟಿಯಲ್ಲಿ ಏಕೆ ಸೇರುವುದಿಲ್ಲ? ಕೂಲಿ ಹೆಚ್ಚಿದರೆ ಅದು ತಾನಾಗಿ ಹೋಗುತ್ತದೆನ್ನುವ ಸಂಗಾತಿಗಳಿದ್ದಾರೆ. ಹೋಗಿಲ್ಲ. ಮುಂದಿನ ಪಟ್ಟಿಯಲ್ಲಿ ಅದನ್ನೇ ಮೊದಲ ಬೇಡಿಕೆಯಾಗಿ ಬರೆಯಬೇಕೆಂದು ನಾನು ಸಭೆಯಲ್ಲಿ ಸೂಚಿಸುವವನಿದ್ದೇನೆ. ಮಾಗಡಿ, ಕನಕಪುರದ ಸಂಗಾತಿಗಳು ಅನುಮೋದಿಸಲಿ.